ಹೆಸರು ಹೇಳದ ಕಲ್ಲು

ಕಣ್ಣಿನ ಪೊರೆ ತೆಗೆಸಿದ ಮೇಲೆ ಕಸ್ವಿ ಅಜ್ಜಿಯ ಜೊತೆ ಏಗುವುದು ಮನೆಯವರಿಗೆ ಸಾಕುಸಾಕಾಗಿತ್ತು. ವರ್ಷಗಟ್ಟಲೆ ಮಂಜಿನೊಳಗೆ ಕೂತಿದ್ದ ಮುದುಕಿಗೆ ಕಳೆದ ತಿಂಗಳು ಒಮ್ಮೆಗೇ ಲೋಕವೆಲ್ಲ ಕಂಡುಬಿಟ್ಟಿತ್ತು. ಕಂಡದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ನಮ್ಮ ಬಾನ್ಯುಮಾಸ್ ಸೀಮೆಯವರ ಬಾಯಿಗೆ ಬೀಗವಿಲ್ಲ ಎಂದು ಜಾವಾದ ಉಳಿದ ಕಡೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗ ಎದುರಿಗೆ ನಿಂತಿದ್ದ ಮಗ ಕರ್ಸುನ್‌ನನ್ನು ನೋಡಿ ಅವಳಾಡಿದ ಮೊದಲ ಮಾತು, "ಅಯ್ಯೋ, ನೀನ್ಯಾವಾಗ ಇಷ್ಟು ಮುದುಕ ಆದ್ಯೋ?" ಆಮೇಲೆ ಸೊಸೆ ತುಮಿರಾಳತ್ತ ತಿರುಗಿ, "ನಿನ್ನ ದನಿ ಕೇಳಿ ತೆಳ್ಳಗಿದ್ದೀಯ ಅಂದ್ಕೊಂಡಿದ್ದೆ ಕಣೇ," ಎಂದಳು. ಡಾಕ್ಟರ ಮೂಗಿನ ಬಗ್ಗೆಯೂ ಏನೋ ಹೇಳಿದಳು, ಅದು ಇಲ್ಲಿ ಬೇಡ.

ಆ ಭಾನುವಾರ ಮೂವರೂ ಒಂದೇ ಬೈಕಿನ ಮೇಲೆ ಹೊರಟಿದ್ದರು. ಮುಂದೆ ಕರ್ಸುನ್, ಹಿಂದೆ ತುಮಿರಾ, ನಡುವೆ ಆಸ್ಪತ್ರೆಯವರು ಕೊಟ್ಟ ದೊಡ್ಡ ಕಪ್ಪು ಕನ್ನಡಕದ ಅಜ್ಜಿ. ಕರ್ಸುನ್‌ನ ಮಗಳು ವೆನಿಂಗ್ ಓದುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದವರದೊಂದು ಪುಟ್ಟ ಮ್ಯೂಸಿಯಂ ಇದೆ. ವರ್ಷಕ್ಕೊಮ್ಮೆ ಅದನ್ನು ಮನೆಮಂದಿಗೆಲ್ಲ ತೆರೆಯುತ್ತಾರೆ. ಹೊಸ ವಿದ್ಯಾರ್ಥಿಗಳು ಒಬ್ಬೊಬ್ಬರೂ ಒಂದೊಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬಂದವರಿಗೆ ವಿವರಿಸಬೇಕು. ಮನೆಯವರು ಬರಲೇಬೇಕೆಂದು ವೆನಿಂಗ್ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು. ಜೊತೆಗೆ ಇನ್ನೊಂದು ಮಾತೂ ಸೇರಿಸಿದ್ದಳು. "ಅಮ್ಮಾ, ಅಪ್ಪ ಟಾರ್ಚು ತರದ ಹಾಗೆ ನೋಡ್ಕೋ."

ಟಾರ್ಚಿನ ಕಥೆ ಊರಿಗೆಲ್ಲ ಗೊತ್ತು. ಕೆಲವು ವರ್ಷದ ಹಿಂದೆ ದೇಶಕ್ಕೆ ದೇಶವೇ ಉಂಗುರಕ್ಕೆ ಕೂರಿಸುವ ಅಕಿಕ್ ಕಲ್ಲಿನ ಹುಚ್ಚಿಗೆ ಬಿದ್ದಾಗ ನಮ್ಮ ಕ್ಲಾವಿಂಗ್ ನದಿಯ ಪಾತ್ರದಲ್ಲಿ ಮೀನಿಗಿಂತ ಮನುಷ್ಯರೇ ಹೆಚ್ಚಾಗಿದ್ದರು. ಗಂಡಸರು ಬೆರಳಿಗೊಂದು ಉಂಗುರ ಹಾಕಿಕೊಂಡು, ಕಲ್ಲಿನ ಒಳಗು ನೋಡಲು ಜೇಬಲ್ಲಿ ಟಾರ್ಚಿಟ್ಟುಕೊಂಡು, ಎದುರು ಸಿಕ್ಕವರ ಮುಖ ಬಿಟ್ಟು ಕೈ ನೋಡಿ ಮಾತಾಡಿಸುತ್ತಿದ್ದ ಕಾಲ ಅದು. ಕರ್ಸುನ್ ಅಂಗಳದಲ್ಲಿ ಕಲ್ಲು ಕೊಯ್ಯುವ ಯಂತ್ರ ಇಟ್ಟ, ಸಂತೆಯಲ್ಲಿ ಅಂಗಡಿ ಇಟ್ಟ, ಎರಡು ಮಳೆಗಾಲ ರಾಜನ ಹಾಗೆ ಮೆರೆದ. ಹುಚ್ಚು ಬಂದ ಹಾಗೆಯೇ ಇಳಿದುಹೋಯಿತು. ಅಂಗಳದಲ್ಲಿ ಉಳಿದ ಬಂಡೆಗಳಲ್ಲಿ ಒಂದು ಬಾವಿಯ ಹತ್ತಿರ ಬಟ್ಟೆ ಒಗೆಯಲು ಹೋಯಿತು, ಉಳಿದವು ತುಮಿರಾಳ ಬಜ್ಜಿ ಅಂಗಡಿಯ ಟಾರ್ಪಾಲು ಹಾರದಂತೆ ಮೂಲೆಮೂಲೆಗೆ ಕೂತವು. "ಇನ್ನೊಂದು ಕಲ್ಲು ಈ ಹೊಸಿಲು ದಾಟಿದ್ರೆ ನಾನು ಹೊಸಿಲು ದಾಟ್ತೀನಿ," ಎಂದು ತುಮಿರಾ ಹೇಳಿದ ದಿನವೇ ಕರ್ಸುನ್ ಸೌತೆಕಾಯಿ ವ್ಯಾಪಾರಕ್ಕೆ ಇಳಿದ.

ಆದರೆ ಒಂದು ಕಲ್ಲನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಅದು ಈಗಲೂ ಅವನ ಅಂಗಿಯ ಒಳಜೇಬಿನಲ್ಲಿತ್ತು, ಅಜ್ಜಿಯನ್ನು ಬಳಸಿ ತುಮಿರಾ ಅವನ ಅಂಗಿ ಹಿಡಿದು ಕೂತಿದ್ದರೂ ಅವಳಿಗೆ ಗೊತ್ತಿಲ್ಲ ಎಂದು ಅವನು ತಿಳಿದಿದ್ದ.

ಅಂಗೈಯಷ್ಟು ಅಗಲದ, ಜೇನುಬಣ್ಣದ ಬಿಲ್ಲೆ. ಹುಚ್ಚಿನ ಕಾಲದಲ್ಲಿ ಒಂದು ದಿನ ಅದನ್ನು ಕೊಯ್ದು, ಉಜ್ಜಿ, ನೀರು ಚಿಮುಕಿಸಿ ಬಿಸಿಲಿಗೆ ಹಿಡಿದಾಗ ಒಳಗೆ ಅವನ ಅಪ್ಪ ನಿಂತಿದ್ದ. ಮೊಣಕಾಲು ನೀರಲ್ಲಿ, ಬೆನ್ನು ತುಸು ಬಾಗಿಸಿ, ಬೀಸುವ ಬಲೆಯನ್ನು ತೋಳಿಗೆ ಹಾಕಿಕೊಂಡು. ಅಪ್ಪ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ಕರ್ಸುನ್ ಯಂತ್ರ ನಿಲ್ಲಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತಿದ್ದ.

ಅದು ಯಾರೆಂದು ಅವನು ಯಾರಿಗೂ ಹೇಳಲಿಲ್ಲ. ಅದಕ್ಕೆ ಕಾರಣ ಅವನ ಕಸುಬೇ. ಸಂತೆಯಲ್ಲಿ ಚಿತ್ರದ ಕಲ್ಲಿಗೆ ಇದ್ದಷ್ಟು ಬೇಡಿಕೆ ಬೇರೆ ಯಾವುದಕ್ಕೂ ಇರಲಿಲ್ಲ, ಚಿತ್ರ ಕಾಣಿಸುವುದೇ ಮಾರುವವನ ಕೈಚಳಕ. "ಇಗೋ ಹುಂಜ, ಇಲ್ಲಿ ಜುಟ್ಟು, ಇಲ್ಲಿ ಬಾಲ," ಎಂದರೆ ಸಾಕು, ಗಿರಾಕಿಗೆ ಸಾಯುವವರೆಗೆ ಅದು ಹುಂಜವೇ. ಅದೇ ಕಲ್ಲನ್ನು ತಿರುಗಿಸಿ ಹಿಡಿದು ಇನ್ನೊಬ್ಬನಿಗೆ ಹಡಗು ಎಂದು ತೋರಿಸಿದ್ದೂ ಉಂಟು. ಹೆಸರು ಹೇಳಿದರೆ ಕಣ್ಣು ಹೇಳಿದ್ದನ್ನೇ ನೋಡುತ್ತದೆ. ಹಾಗಾಗಿ ಈ ಒಂದು ಕಲ್ಲಿನ ವಿಷಯದಲ್ಲಿ ಅವನು ಬಾಯಿ ಹೊಲಿದುಕೊಂಡ. ಯಾರಾದರೊಬ್ಬರು, ಒಬ್ಬರೇ ಒಬ್ಬರು, ತಾವಾಗಿಯೇ ನೋಡಿ ಹೇಳಬೇಕು. ಹೇಳಿದರೆ ಅಪ್ಪ ಅಲ್ಲಿದ್ದಾನೆ. ಹೇಳದಿದ್ದರೆ ತಾನೂ ಸಂತೆಯ ಪೆದ್ದ ಗಿರಾಕಿಗಳಲ್ಲಿ ಒಬ್ಬ, ಅಷ್ಟೇ.

ತೋರಿಸಿದ್ದು ಬಹಳ ಜನಕ್ಕೆ. ಒಬ್ಬ ಅಣಬೆ ಅಂದ, ಒಬ್ಬ ಕೊಡೆ ಅಂದ, ತುಮಿರಾ "ಸೀದುಹೋದ ಬಜ್ಜಿ" ಅಂದಳು. ಉಳಿದವಳು ಒಬ್ಬಳೇ, ಅವ್ವ. ಅಪ್ಪ ಹೋದಾಗಲೇ ಅವಳ ಕಣ್ಣು ಮಬ್ಬಾಗಿತ್ತು. ಶವದ ಪಕ್ಕ ಕೂತು ಮುಖ ತಡವಿ ನೋಡಿದಳೇ ಹೊರತು ಕಣ್ಣಿಂದ ನೋಡಲಾಗಲಿಲ್ಲ. ಈಗ ಕಣ್ಣು ಬಂದು ತಿಂಗಳಾಗಿತ್ತು, ಆದರೂ ಕರ್ಸುನ್‌ಗೆ ಕಲ್ಲು ತೋರಿಸುವ ಧೈರ್ಯ ಬಂದಿರಲಿಲ್ಲ. ಅವ್ವನೂ ಅಣಬೆ ಎಂದುಬಿಟ್ಟರೆ ಮುಂದೆ ಯಾರಿಗೆ ತೋರಿಸುವುದು? ದಿನಾ ಬೆಳಗ್ಗೆ ಇವತ್ತು ಎಂದುಕೊಳ್ಳುತ್ತಿದ್ದ, ಸಂಜೆ ನಾಳೆ ಎನ್ನುತ್ತಿದ್ದ.

ಮ್ಯೂಸಿಯಂ ಎಂದರೆ ಎರಡು ದೊಡ್ಡ ಕೋಣೆ. ಬಾಗಿಲಲ್ಲಿ ಸ್ಲಾಮತ್ ಬೆಂಕಿಬೆಟ್ಟದ ಗಾರೆಯ ಮಾದರಿ, ಗೋಡೆಗುಂಟ ಗಾಜಿನ ಪೆಟ್ಟಿಗೆಗಳು, ಮೇಲೆ ಗಡಗಡ ಸದ್ದು ಮಾಡುವ ಫ್ಯಾನು. ಅಮ್ಮಂದಿರು ಡಬ್ಬಿಯಲ್ಲಿ ತಿಂಡಿ ತಂದಿದ್ದರು. ಅಪ್ಪಂದಿರು ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು, ಯಾಕೋ ತುಂಬ ಸಂಭಾವಿತರಂತೆ ಕೈಕಟ್ಟಿ ನಿಂತಿದ್ದರು. ಅಜ್ಜಿ ಕಪ್ಪು ಕನ್ನಡಕ ತೆಗೆದು ಸೊಸೆಯ ಕೈಗೆ ಕೊಟ್ಟಳು.

"ಇದೇನೇ ಇದು, ಇಷ್ಟು ದೊಡ್ಡದು?"

"ಹಲ್ಲು ಅಜ್ಜಿ," ಎಂದ ಅಲ್ಲಿ ನಿಂತಿದ್ದ ಹುಡುಗ. "ಹಳೇ ಕಾಲದ ಆನೇದು. ಲಕ್ಷಗಟ್ಟಲೆ ವರ್ಷ ಆಗಿದೆ."

ಅಜ್ಜಿ ತನ್ನ ಬೋಳು ವಸಡು ಸವರಿಕೊಂಡು ಗಾಜಿಗೆ ಮೂಗು ಒತ್ತಿದಳು. "ಲಕ್ಷ ವರ್ಷ ಆದ್ರೂ ಹಲ್ಲು ಗಟ್ಟಿಯಾಗಿದೆ ನೋಡು. ಪುಣ್ಯವಂತ ಪ್ರಾಣಿ."

ಮುಂದಿನ ಮೇಜಿನ ಮೇಲೆ ಕೈಯಲ್ಲಿ ಹಿಡಿದು ನೋಡುವ ಕಲ್ಲುಗಳಿದ್ದವು. ವೆನಿಂಗ್ ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡು, "ಇವನ್ನೆಲ್ಲ ಮುಟ್ಟಬಹುದು ಅಜ್ಜಿ, ಇದು ಸುಣ್ಣದ ಕಲ್ಲು," ಎಂದು ಬೆಳ್ಳಗಿನದೊಂದನ್ನು ಅವಳ ಕೈಗಿಟ್ಟು, ತಾಯಿಯ ಕಿವಿಯಲ್ಲಿ ಟಾರ್ಚಿನ ವಿಷಯ ವಿಚಾರಿಸತೊಡಗಿದಳು. ಆ ಎರಡು ಮಾತಿನ ಸಂದಿಯಲ್ಲಿ ಅಜ್ಜಿ ಸೊಂಟದ ಚೀಲದಿಂದ ವೀಳ್ಯದೆಲೆ ತೆಗೆದು, ಕುಟ್ಟಿದ ಅಡಿಕೆ ಇಟ್ಟು, ಉಗುರಲ್ಲಿ ಮ್ಯೂಸಿಯಂನ ಸುಣ್ಣದ ಕಲ್ಲು ಕೆರೆದು ಉದುರಿಸಿ, ಮಡಿಚಿ ಬಾಯಿಗೆ ಹಾಕಿಕೊಂಡಾಗಿತ್ತು.

"ಅಜ್ಜೀ! ಅದು ಪಾಠದ ಕಲ್ಲು!"

ಅಜ್ಜಿ ನಿಧಾನ ಅಗಿದಳು. ಮುಖ ಕಿವುಚಿದಳು. "ಮುಟ್ಟಬಹುದು ಅಂತ ನೀನೇ ಹೇಳಿದ್ಯಲ್ಲೇ. ಥೂ, ಖಾರಾನೇ ಇಲ್ಲ. ಸುಟ್ಟಿಲ್ಲ, ನೀರು ಹೊಯ್ದಿಲ್ಲ, ಇದ್ಯಾವ ಸೀಮೆ ಸುಣ್ಣ?"

ವೆನಿಂಗ್ ಕೆಂಪಗಾದಳು. ಹಿಂದೆ ನಿಂತಿದ್ದ ಪ್ರಾಪ್ತಿ ಮೇಡಂ, ವಿಭಾಗದ ಅಧ್ಯಾಪಕಿ, ಮಕ್ಕಳಿಗೆಲ್ಲ ಸಿಂಹಸ್ವಪ್ನವಾಗಿದ್ದವರು, ಜೋರಾಗಿ ನಕ್ಕುಬಿಟ್ಟರು. "ಇರಲಿ ಬಿಡಮ್ಮ. ನಾವೂ ಬೆಟ್ಟ ಸುತ್ತೋವಾಗ ಕಲ್ಲು ನೆಕ್ಕಿ ನೋಡ್ತೀವಿ. ಎಲೆಯಡಿಕೆ ಜೊತೆ ತಿಂದವರು ಮಾತ್ರ ನೀವೇ ಮೊದಲು, ಅಜ್ಜಿ."

"ಇನ್ನೊಂದ್ಸಲ ಬರೋವಾಗ ನಾನೇ ಸುಣ್ಣ ತರ್ತೀನಿ," ಎಂದಳು ಅಜ್ಜಿ ಧಾರಾಳವಾಗಿ.

ವೆನಿಂಗಳ ಪೆಟ್ಟಿಗೆ ಎರಡನೇ ಕೋಣೆಯಲ್ಲಿತ್ತು. ಅದರಲ್ಲಿ ಇದ್ದದ್ದು ಕ್ಲಾವಿಂಗ್ ನದಿಯದೇ ಅಕಿಕ್ ಕಲ್ಲುಗಳು. ಕರ್ಸುನ್‌ನ ಕೈ ತನಗೆ ತಾನೇ ಜೇಬಿಗೆ ಹೋಯಿತು, ತುಮಿರಾಳ ಕಣ್ಣು ಆ ಕೈಯ ಹಿಂದೆಯೇ ಹೋಯಿತು, ಕೈ ವಾಪಸ್ ಬಂತು. ಜನ ಸುತ್ತುವರಿದರು. ವೆನಿಂಗ್ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಬೆಂಕಿಬೆಟ್ಟದ ಕಲ್ಲಿನ ಪೊಟರೆಗಳಿಗೆ ನೀರು ಹೇಗೆ ಇಳಿಯುತ್ತದೆ, ನೀರಲ್ಲಿ ಕರಗಿದ್ದು ಪದರಪದರವಾಗಿ ಹೇಗೆ ಗಟ್ಟಿಯಾಗುತ್ತದೆ, ಬಣ್ಣ ಎಲ್ಲಿಂದ ಬರುತ್ತದೆ. ಒಂದು ಕಡೆಯೂ ತಡವರಿಸಲಿಲ್ಲ. ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಕೇಳಿದರೆ ತಬ್ಬಿಬ್ಬಾಗುತ್ತಿದ್ದ ಹುಡುಗಿ ಇವಳೇನಾ ಎಂದು ಕರ್ಸುನ್‌ನ ಎದೆ ಉಬ್ಬಿತು. ಪಕ್ಕದಲ್ಲಿದ್ದ ಗುರುತಿಲ್ಲದವನಿಗೆ, "ನನ್ನ ಮಗಳು," ಎಂದ. ಅವನು ಕೇಳಿಸಿಕೊಳ್ಳಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ.

"ಇನ್ನು ಕಲ್ಲಿನಲ್ಲಿ ಕಾಣೋ ಚಿತ್ರಗಳು," ಎಂದಳು ವೆನಿಂಗ್. "ಬಿರುಕಿನೊಳಗೆ ಮ್ಯಾಂಗನೀಸ್ ಸೇರಿದ ನೀರು ಇಳಿದು ಒಣಗಿದಾಗ ಕಪ್ಪು ಕಲೆ ಕವಲೊಡೆದು ಹರಡುತ್ತೆ, ಅಷ್ಟೇ. ಅಲ್ಲಿ ಹುಂಜಾನೂ ಇಲ್ಲ, ಹಡಗೂ ಇಲ್ಲ. ನಮ್ಮ ಮನಸ್ಸು ಆಕಾರ ಹುಡುಕ್ತಾ ಇರುತ್ತೆ. ಯಾರಾದ್ರೂ ಹೆಸರು ಹೇಳಿಕೊಟ್ಟರಂತೂ ಮುಗೀತು, ಅದೇ ಕಾಣುತ್ತೆ."

ಪ್ರಾಪ್ತಿ ಮೇಡಂ ತಲೆದೂಗಿದರು, ಜನ ಚಪ್ಪಾಳೆ ತಟ್ಟಿದರು. ಕರ್ಸುನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವನಿಗೆ ಸಂತೋಷವೇನೋ ಆಗಿತ್ತು, ಆದರೆ ಕೈ ಒಳಜೇಬಿನ ಮೇಲೆ ಬಂದು ಕೂತಿತ್ತು. ಮಗಳು ಹೇಳಿದ್ದು ಅವನ ಸಂತೆಯ ಪಾಠವನ್ನೇ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರಿದ್ದರು? ಒಳಜೇಬಿನಲ್ಲಿರುವುದು ಬರೀ ಒಣಗಿದ ನೀರಿನ ಕಲೆ ಎಂದು ಅವನಿಗೆ ಅನ್ನಿಸತೊಡಗಿತು.

ಆಗ ಪ್ರಾಪ್ತಿ ಮೇಡಂ ಮೂಲೆಯ ಮೇಜಿನತ್ತ ಕೈ ತೋರಿಸಿದರು. ಅಲ್ಲಿ ಕ್ಯಾಮೆರಾ ಕೂಡಿಸಿದ ದೊಡ್ಡ ಮಸೂರವಿತ್ತು, ಅದರ ಕೆಳಗೆ ಇಟ್ಟದ್ದು ಗೋಡೆಯ ಟಿವಿಯಲ್ಲಿ ಕಾಣುತ್ತಿತ್ತು. "ಮನೆಯಿಂದ ಯಾರಾದ್ರೂ ಕಲ್ಲು ತಂದಿದ್ದೀರಾ? ನೋಡೋಣ."

ಅಪ್ಪಂದಿರೆಲ್ಲ ಸೂರು ನೋಡಿದರು. ಆಮೇಲೆ ಹಿಂದೆ ನಿಂತಿದ್ದ ದಪ್ಪ ಮೀಸೆಯವನೊಬ್ಬ, ಹೆಂಡತಿಯ ಮುಖ ನೋಡದೆ, ಬಗ್ಗಿ ಕಾಲುಚೀಲದೊಳಗಿಂದ ಒಂದು ಕಲ್ಲು ತೆಗೆದ. ಅದು ದಾರಿ ತೆರೆದ ಹಾಗಾಯಿತು. ಒಬ್ಬ ಕರೀ ಟೋಪಿ ತೆಗೆದು ಅದರೊಳಗಿಂದ ತೆಗೆದ. ಒಬ್ಬ ಬೆಲ್ಟಿನ ಹಿಂದಿನಿಂದ, ಒಬ್ಬ ಮಗುವಿನ ಹಾಲಿನ ಚೀಲದಿಂದ. ಅರೆಗಳಿಗೆಯಲ್ಲಿ ಕೋಣೆಯ ತುಂಬ ಕಲ್ಲು, ಟಾರ್ಚಿನ ಬೆಳಕು, ಹೆಂಗಸರ ಬೈಗುಳ.

"ಆಣೆ ಮಾಡಿದ್ರಲ್ರೀ, ಮಸೀದಿ ಮುಂದೆ!"

"ಇದೊಂದೇ ಕಣೇ, ಇದೊಂದೇ!"

ವೆನಿಂಗ್ ತಲೆ ಮೇಲೆ ಕೈಹೊತ್ತಳು. ತುಮಿರಾ ಗಂಡನತ್ತ ತಿರುಗಿ, ಹುಬ್ಬು ಮೇಲೇರಿಸಿ, ಕಾದಳು. ಕರ್ಸುನ್ ಒಳಜೇಬಿಗೆ ಕೈ ಹಾಕಿದ.

"ನನಗೆ ಗೊತ್ತಿತ್ತು," ಎಂದಳು ತುಮಿರಾ. "ಬೈಕಲ್ಲಿ ಬರೋವಾಗ ನಿಮ್ಮ ಎದೆ ಒಂದು ಕಡೆ ಗಟ್ಟಿಯಾಗಿತ್ತು."

ಸರದಿ ಬಂದಾಗ ಕರ್ಸುನ್ ಬಿಲ್ಲೆಯನ್ನು ಮೇಡಂ ಕೈಗೆ ಕೊಟ್ಟ. ಅವರು ಅದನ್ನು ಮಸೂರದ ಕೆಳಗಿಟ್ಟರು. ಟಿವಿಯ ತುಂಬ ಜೇನುಬಣ್ಣ ಹರಡಿತು, ನಡುವೆ ಕಪ್ಪು ಕಲೆ ಎದ್ದು ನಿಂತಿತು. ಮೇಡಂ ಕಲ್ಲನ್ನು ಬುಡಮೇಲಾಗಿ ಇಟ್ಟಿದ್ದರು.

ತಿರುಗಿಸಿ ಎನ್ನಲು ಅವನು ಬಾಯಿ ತೆರೆದ, ಮುಚ್ಚಿದ. ತಿರುಗಿಸುವುದೂ ಒಂದು ಸುಳಿವೇ. ಸರಿಯಾದ ಹೊತ್ತಿಗೆ ಕಲ್ಲು ತಿರುಗಿಸುವುದು ಸಂತೆಯಲ್ಲಿ ಅವನ ಹಳೇ ವರಸೆ, ಎಷ್ಟು ಜನರನ್ನು ಹಾಗೆ ಬೀಳಿಸಿದ್ದನೋ. ಈ ಕಲ್ಲಿನ ಮೇಲೆ ಅದನ್ನು ಮಾಡಿದರೆ ಇಷ್ಟು ವರ್ಷ ಬಾಯಿ ಹೊಲಿದುಕೊಂಡದ್ದು ಯಾತಕ್ಕೆ? ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತ.

"ಕೋಳಿ!" ಎಂದ ಮೀಸೆಯವನು.

"ಕೋಳಿ ಎಲ್ರೀ, ಮರ ಅದು. ಬೇರು ಸಮೇತ ಕಿತ್ತ ಮರ."

"ನನಗೆ ಸುಲಾವೆಸಿ ದ್ವೀಪದ ನಕ್ಷೆ ಕಂಡಂಗಾಯ್ತು."

"ಜೇಡ."

ಪ್ರಾಪ್ತಿ ಮೇಡಂ ನಗುತ್ತ, "ನೋಡಿದ್ರಾ, ವೆನಿಂಗ್ ಹೇಳಿದ್ದು ನಿಜ ಆಯ್ತು. ಎಷ್ಟು ಜನವೋ ಅಷ್ಟು ಚಿತ್ರ," ಎಂದರು. ಎಲ್ಲರೂ ನಕ್ಕರು. ಕರ್ಸುನ್ ಕೂಡ ನಕ್ಕ. ಮುಗಿಯಿತು, ಇನ್ನು ಕಲ್ಲು ತೆಗೆದುಕೊಂಡು ಹಿಂದೆ ಸರಿಯಬೇಕು ಎಂದು ಕೈ ಚಾಚಿದ.

"ತಡಿಯೋ."

ಅಜ್ಜಿ ಜನರ ನಡುವೆ ಮೊಣಕೈ ತೂರಿಸಿ ಮುಂದೆ ಬಂದಳು. ಬೆಳಗ್ಗೆಯಿಂದ ಬಾಯಿಗೆ ಬಿಡುವು ಕೊಡದ ಮುದುಕಿ ಟಿವಿಯ ಮುಂದೆ ಬಾಯಿ ಮುಚ್ಚಿ ನಿಂತಳು. ತಲೆಯನ್ನು ಒಂದು ಕಡೆ ವಾಲಿಸಿದಳು. ಇನ್ನಷ್ಟು ವಾಲಿಸಿದಳು, ಬೀಳುವಳೇನೋ ಎಂದು ತುಮಿರಾ ರಟ್ಟೆ ಹಿಡಿದುಕೊಂಡಳು. ಅಗಿಯುತ್ತಿದ್ದ ಎಲೆ ಬಾಯಲ್ಲೇ ನಿಂತಿತು.

"ಇವರನ್ಯಾಕೆ ತಲೆಕೆಳಗೆ ನಿಲ್ಲಿಸಿದ್ದೀರಿ?" ಎಂದಳು ಅಜ್ಜಿ.

"ಯಾರನ್ನ ಅಜ್ಜಿ?" ಎಂದರು ಮೇಡಂ.

"ತಿರುಗಿಸಮ್ಮ ನೀನು ಮೊದಲು. ವಯಸ್ಸಾದವರನ್ನ ಹಿಂಗಾ ನಿಲ್ಲಿಸೋದು? ರಕ್ತ ಎಲ್ಲ ತಲೆಗೆ ಇಳಿಯುತ್ತೆ."

ಮೇಡಂ ಕಲ್ಲನ್ನು ತಿರುಗಿಸಿದರು. ಅಜ್ಜಿ ಟಿವಿಯ ಹತ್ತಿರ ಹೋಗಿ, ಗಾಜಿನ ಮೇಲೆ ಬೆರಳಿಟ್ಟು, ಬಾಗಿದ ಬೆನ್ನಿನ ಉದ್ದಕ್ಕೂ ಇಳಿಸಿದಳು.

"ನಿಮ್ಮಪ್ಪ ಅಲ್ವೇನೋ," ಎಂದಳು ಮಗನಿಗೆ. "ನೋಡು, ಬಲೆ ಎಡತೋಳಿಗೆ ಹಾಕ್ಕೊಂಡಿದ್ದಾರೆ. ಇಡೀ ಹೊಳೇಲಿ ಎಡಗೈಲಿ ಬಲೆ ಬೀಸೋರು ಬೇರೆ ಯಾರಿದ್ರು? ಪಕ್ಕದಲ್ಲಿ ನಿಂತವರ ಬಲೆಗೆಲ್ಲ ಸಿಕ್ಕಿಸಿ ಜಗಳ ತರ್ತಿದ್ರು."

ಎಡಗೈ. ಕರ್ಸುನ್ ಎಷ್ಟೋ ಸಾವಿರ ಸಲ ಆ ಕಲ್ಲು ನೋಡಿದ್ದ, ಅದು ಅವನ ಕಣ್ಣಿಗೂ ಬಿದ್ದಿರಲಿಲ್ಲ. ಅವನಿಗೆ ಅಳು ಬಂತು, ನಗು ಬಂತು, ಎರಡೂ ಒಟ್ಟಿಗೆ ಬಂದು ಏನೋ ವಿಚಿತ್ರ ಸದ್ದು ಹೊರಟಿತು.

"ಹೌದವ್ವಾ," ಎಂದ. "ಅಪ್ಪನೇ."

ವೆನಿಂಗ್ ಹತ್ತಿರ ಬಂದು ಅಜ್ಜಿಯ ಹೆಗಲ ಮೇಲೆ ಕೈ ಹಾಕಿದಳು. "ಅಜ್ಜಿ, ಅದು ಮ್ಯಾಂಗನೀಸ್..." ಎಂದು ಶುರುಮಾಡಿದವಳು ಟಿವಿ ನೋಡಿ ನಿಂತಳು. "ಬೆನ್ನು ತಾತಂದೇ," ಎಂದಳು ಮೆಲ್ಲಗೆ.

"ಮ್ಯಾಂಗನೀಸೋ ಮತ್ತೊಂದೋ, ಇರಲಿ ಬಿಡು," ಎಂದಳು ಅಜ್ಜಿ. "ಆವತ್ತು ಮುಖ ನೋಡೋಕಾಗಲಿಲ್ಲ ನನಗೆ. ಇವತ್ತು ನೋಡಿದೆ." ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಹೋಗಿ, ಡಾಕ್ಟರು ಕಣ್ಣು ಉಜ್ಜಬೇಡಿ ಎಂದದ್ದು ನೆನಪಾಗಿ, ನೀರು ಸುರಿಯಲು ಬಿಟ್ಟು ನಗುತ್ತ ನಿಂತಳು. ಹಿಂದೆ ಕಲ್ಲು ಹಿಡಿದು ಸಾಲುಗಟ್ಟಿದ್ದ ಅಪ್ಪಂದಿರಲ್ಲಿ ಯಾರೂ ಅವಸರ ಮಾಡಲಿಲ್ಲ. ಮೀಸೆಯವನಂತೂ ಟೋಪಿಯವನ ತೋಳು ಹಿಡಿದು, "ಎಡಗೈ ಕಣ್ರೀ, ಸರಿಯಾಗಿ ಕಾಣ್ತಿದೆ," ಎಂದು ಪಿಸುಗುಟ್ಟುತ್ತಿದ್ದ.

ತುಮಿರಾ ಗಂಡನ ಪಕ್ಕಕ್ಕೆ ಬಂದಳು. "ಮಾವ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ? ನಾನು ಸೀದ ಬಜ್ಜಿ ಅಂದ್ಬಿಟ್ಟೆನಲ್ರೀ."

"ಹೇಳಿದ್ರೆ ನೀನು ಕಾಣ್ತು ಅಂತಿದ್ದೆ," ಎಂದ ಕರ್ಸುನ್.

"ಅಂತಿದ್ದೆ," ಎಂದು ಒಪ್ಪಿಕೊಂಡಳು.

ಪ್ರಾಪ್ತಿ ಮೇಡಂ ಕಲ್ಲನ್ನು ಎತ್ತಿ, ಅಂಚು ಹಿಡಿದು, ಎರಡೂ ಬದಿ ನೋಡಿದರು. ಕೊಯ್ದದ್ದು ಯಾರು ಎಂದು ಕೇಳಿದರು, ಕರ್ಸುನ್ ನಾನೇ ಎಂದ. "ತುಂಬ ಒಳ್ಳೇ ಕೈಕೆಲಸ. ನಮ್ಮ ಪೆಟ್ಟಿಗೇಲಿ ಇಷ್ಟು ಚೆನ್ನಾಗಿ ಕಲೆ ಹರಡಿರೋದು ಒಂದೂ ಇಲ್ಲ. ಇಲ್ಲೇ ಇಟ್ಟುಕೊಳ್ಳಲಾ? ನಿಮ್ಮ ಹೆಸರು ಬರೆಸ್ತೀನಿ."

ಹುಚ್ಚಿನ ಕಾಲದಲ್ಲಿ ಯಾರಾದರೂ ಈ ಮಾತು ಹೇಳಿದ್ದರೆ ಕರ್ಸುನ್ ಊರ ತುಂಬ ಡಂಗುರ ಸಾರಿಸುತ್ತಿದ್ದ. ಈಗ ಅವನು ತಾಯಿಯ ಮುಖ ನೋಡಿದ.

"ಗಾಜಿನ ಪೆಟ್ಟಿಗೇಲಿ ಅವರು ಇರೋರಲ್ಲಮ್ಮ," ಎಂದಳು ಅಜ್ಜಿ. "ಹೊಳೆಗೆ ಹೋದ್ರೂ ದಾರೀಲಿ ಎಲ್ಲೂ ನಿಲ್ಲೋರಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮನೇಲಿರ್ಬೇಕು ಅವರಿಗೆ."

ಮೇಡಂ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಅದನ್ನು ತೆಗೆದುಕೊಂಡವಳು ತುಮಿರಾ. ತಲೆವಸ್ತ್ರದ ತುದಿಯಲ್ಲಿ ಒರೆಸಿ, ತನ್ನ ಕೈಚೀಲದಲ್ಲಿ ಬಜ್ಜಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಜಾಗ ಮಾಡಿ, ತಲೆ ಮೇಲಾಗಿ ಇಟ್ಟಳು.